‘ಪ್ರಾದೇಶಿಕ’ ಹೋಗಿ ‘ರಾಷ್ಟ್ರೀಯ’ ಬಂದಾಗ: ಸುರತ್ಕಲ್ ಕಾಲೇಜಿನ ಪ್ರಕರಣ

ಮಂಗಳೂರಿನಿಂದ ಉಡುಪಿ ಕಡೆ ಹೋಗುವ ಬಸ್ಸು ಸುರತ್ಕಲ್ ಪೇಟೆ ದಾಟಿತು ಅಂದರೆ, ಹೆದ್ದಾರಿಯ ಎಡಕ್ಕೂ ಬಲಕ್ಕೂ ಒಂದೇ ಕಾಲೇಜು. ರಸ್ತೆ ಅದರ ನಡುವೆಯೇ ಹಾದುಹೋಗಿದೆ. ಈ ಬದಿಯಿಂದ ಆ ಬದಿಗೆ ಹೋಗಬೇಕಾದ ಹುಡುಗರು ಹೆದ್ದಾರಿಯ ಅಡಿಯಲ್ಲಿರುವ ದಾರಿ ಹಿಡಿಯುತ್ತಾರೆ. ಪಡುವಣದ ಅಂಚಿನಲ್ಲಿ ಗಾಳಿಮರಗಳು, ಹೊಯ್ಗೆ, ಆಮೇಲೆ ಸಮುದ್ರ.

ಈ ಜಾಗಕ್ಕೆ ಮೂರು ಹೆಸರಿವೆ. ಬೋರ್ಡಿನಲ್ಲಿರುವುದು ಎನ್‌ಐಟಿಕೆ, ಅಂದರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಕರ್ನಾಟಕ. ನಮ್ಮ ಕಡೆಯ ಹಿರಿಯರನ್ನು ಕೇಳಿದರೆ ಈಗಲೂ ಕೆಆರ್‌ಇಸಿ, ಅಂದರೆ ಕರ್ನಾಟಕ ರೀಜನಲ್ ಎಂಜಿನಿಯರಿಂಗ್ ಕಾಲೇಜ್. ಪೋಸ್ಟಿನವರಿಗೆ ಮಾತ್ರ ಶ್ರೀನಿವಾಸನಗರ, ಪಿನ್ 575025. ಹೆಸರು ಮೂರಾದರೂ ಆವರಣ ಒಂದೇ, ಸುಮಾರು 295 ಎಕರೆ. ಆದರೆ ಕೆಆರ್‌ಇಸಿ ಎನ್‌ಐಟಿಕೆ ಆದಾಗ ಬದಲಾಗಿದ್ದು ಬೋರ್ಡು ಮಾತ್ರ ಅಲ್ಲ. ‘ರೀಜನಲ್’, ಅಂದರೆ ‘ಪ್ರಾದೇಶಿಕ’ ಎನ್ನುವ ಪದ ಹೋಯಿತು. ಆ ಪದ ಇದ್ದಾಗ ಕಾಲೇಜು ಯಾರದ್ದಾಗಿತ್ತು, ಹೋದ ಮೇಲೆ ಯಾರದ್ದಾಯಿತು? ಈ ಪ್ರಕರಣದಲ್ಲಿ ನಾನು ನೋಡಲು ಹೊರಟಿರುವುದು ಇಷ್ಟೇ.

ಶ್ರೀನಿವಾಸನಗರ

1956ರ ತನಕ ದಕ್ಷಿಣ ಕನ್ನಡ ಮದ್ರಾಸ್ ರಾಜ್ಯದಲ್ಲಿತ್ತು. ರಾಜ್ಯಗಳನ್ನು ಮತ್ತೆ ವಿಂಗಡಿಸಿದಾಗ ಮೈಸೂರು ರಾಜ್ಯಕ್ಕೆ ಬಂತು. ಹಳೇ ಮೈಸೂರಿನವರಿಗೆ ಆಗಲೇ ಬೆಂಗಳೂರು, ಮೈಸೂರು, ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿದ್ದವು. ಹುಬ್ಬಳ್ಳಿಯಲ್ಲೂ ಇತ್ತು. ಕರಾವಳಿಯ ಹುಡುಗ ಎಂಜಿನಿಯರ್ ಆಗಬೇಕೆಂದರೆ ಮದ್ರಾಸಿನ ಗಿಂಡಿಗೆ ಹೋಗಬೇಕಿತ್ತು, ಇಲ್ಲವೇ ಘಾಟಿ ಹತ್ತಬೇಕಿತ್ತು. 1957ರಲ್ಲಿ ಮಣಿಪಾಲದಲ್ಲಿ ಟಿ.ಎಂ.ಎ. ಪೈ ಅವರು ಖಾಸಗಿ ಕಾಲೇಜು ತೆರೆದರು. ಸರ್ಕಾರದ್ದು ಅಂತ ಜಿಲ್ಲೆಯಲ್ಲಿ ಏನೂ ಇರಲಿಲ್ಲ.

ಇಲ್ಲಿ ಬರುತ್ತಾರೆ ಉಳ್ಳಾಲ ಶ್ರೀನಿವಾಸ ಮಲ್ಯ. 1902ರಲ್ಲಿ ಹುಟ್ಟಿದವರು. ಸ್ವಾತಂತ್ರ್ಯ ಚಳವಳಿಯಿಂದ ಬಂದು ಕೊನೆಯ ತನಕ ಸಂಸತ್ತಿನಲ್ಲಿದ್ದವರು. ದೆಹಲಿಯಲ್ಲಿ ಅವರ ಮಾತು ನಡೆಯುತ್ತಿತ್ತು. ಅದನ್ನು ಅವರು ಊರಿಗೆ ರಸ್ತೆ, ಬಂದರು, ವಿಮಾನ ತರುವುದಕ್ಕೆ ಬಳಸಿದರು. 1951ರ ಡಿಸೆಂಬರ್ 25ರಂದು ಬಜ್ಪೆಯಲ್ಲಿ ವಿಮಾನ ಇಳಿಯಿತು. ಪಣಂಬೂರಿನ ಬಂದರಿನ ಹಿಂದೆಯೂ ಅವರೇ. ಸುರತ್ಕಲ್ ಕಾಲೇಜಿಗೆ ಅವರ ಜೊತೆ ದುಡಿದವರು ಉದ್ಯಮಿ ವಿ.ಎಸ್. ಕುಡ್ವ. 1960ರ ಆಗಸ್ಟ್ 6ಕ್ಕೆ ಕಾಲೇಜು ಶುರುವಾಯಿತು. ಮಲ್ಯರು ತೀರಿಕೊಂಡಿದ್ದು 1965ರಲ್ಲಿ. ಐದು ವರ್ಷದ ಕೋರ್ಸಿಗೆ ಮೊದಲು ಸೇರಿದ ಹುಡುಗರು ಹೊರಗೆ ಬರುವ ಹೊತ್ತು ಅದು. ಬಂದರು ಪೂರ್ತಿಯಾಗಿದ್ದನ್ನು ಅವರು ನೋಡಲಿಲ್ಲ. ಕಾಲೇಜನ್ನು ಮಾತ್ರ ನೋಡಿದರು.

ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. 1960ರಲ್ಲಿ ರಾಜ್ಯದ ಹೆಸರು ಮೈಸೂರು. ಅದು ಕರ್ನಾಟಕ ಆಗಿದ್ದು 1973ರ ನವೆಂಬರ್ 1ರಂದು. ಕಾಲೇಜಿನ ಹೆಸರಲ್ಲಿ ಮಾತ್ರ ಅದಕ್ಕೂ ಮೊದಲೇ ಕರ್ನಾಟಕ ಇತ್ತು: ಕರ್ನಾಟಕ ರೀಜನಲ್ ಎಂಜಿನಿಯರಿಂಗ್ ಕಾಲೇಜ್. ರಾಜ್ಯಕ್ಕೇ ಇರದಿದ್ದ ಹೆಸರನ್ನು ಮೂಲೆಯ ಜಿಲ್ಲೆಯ ಕಾಲೇಜೊಂದು ಬೋರ್ಡಿನಲ್ಲಿ ಹಾಕಿಕೊಂಡು ಕೂತಿತ್ತು.

ರೀಜನಲ್ ಅಂದರೆ ಏನಾಗಿತ್ತು?

ಆ ಪದವನ್ನು ನಾವು ಬಹಳ ಮಂದಿ ತಪ್ಪಾಗಿ ತಿಳಿದಿದ್ದೇವೆ. ರೀಜನಲ್ ಅಂದರೆ ಆ ಊರಿನವರ ಕಾಲೇಜು ಅಂತ ಅಲ್ಲ. ಎರಡನೇ ಪಂಚವಾರ್ಷಿಕ ಯೋಜನೆಯ ಹೊತ್ತಿಗೆ ದೇಶದಲ್ಲಿ ಅಣೆಕಟ್ಟು, ಉಕ್ಕಿನ ಕಾರ್ಖಾನೆ, ವಿದ್ಯುತ್ ಸ್ಥಾವರ ಒಟ್ಟೊಟ್ಟಿಗೆ ಎದ್ದವು. ಎಂಜಿನಿಯರುಗಳು ಸಾಲದಾದರು. ಐಐಟಿಗಳು ಕೆಲವೇ. ರಾಜ್ಯಗಳ ಕಾಲೇಜುಗಳಿಗೆ ದುಡ್ಡಿಲ್ಲ. ಆಗ ಕೇಂದ್ರ ಮತ್ತು ರಾಜ್ಯ ಸೇರಿ ಕಟ್ಟುವ ಕಾಲೇಜುಗಳ ಯೋಜನೆ ಬಂತು. ದಕ್ಷಿಣದಲ್ಲಿ ಮೊದಲು ವಾರಂಗಲ್, 1959ರಲ್ಲಿ. ಅದರ ಬೆನ್ನಿಗೇ ಸುರತ್ಕಲ್. ಕ್ಯಾಲಿಕಟ್, ತಿರುಚಿರಾಪಳ್ಳಿ ಆಮೇಲೆ ಬಂದವು. ಕೊನೆಗೆ ದೇಶದಲ್ಲಿ ಇಂಥ ಕಾಲೇಜುಗಳು 17 ಆದವು.

ದುಡ್ಡಿನ ಲೆಕ್ಕ ಹೀಗಿತ್ತು. ಜಾಗ ರಾಜ್ಯದ್ದು. ಕಟ್ಟಡ, ಯಂತ್ರ, ಲ್ಯಾಬು ಕೇಂದ್ರದ್ದು. ಬಿಇ ಕೋರ್ಸಿನ ವರ್ಷವರ್ಷದ ಖರ್ಚು ಇಬ್ಬರಿಗೂ ಅರ್ಧ ಅರ್ಧ. ಸ್ನಾತಕೋತ್ತರ ಕೋರ್ಸು ತೆರೆದರೆ ಅದರ ಖರ್ಚು ಪೂರ್ತಿ ಕೇಂದ್ರದ್ದು. ಸೀಟು ಕೂಡ ಅರ್ಧ ಅರ್ಧ. ಅರ್ಧ ಸೀಟು ರಾಜ್ಯದವರಿಗೆ, ಉಳಿದರ್ಧ ಬೇರೆ ರಾಜ್ಯಗಳಿಗೆ. ಅದರ ಬದಲಿಗೆ ನಮ್ಮ ಹುಡುಗರಿಗೂ ಬೇರೆ ರಾಜ್ಯಗಳ ರೀಜನಲ್ ಕಾಲೇಜುಗಳಲ್ಲಿ ಸೀಟು ಸಿಗುತ್ತಿತ್ತು.

ಹಾಗಾಗಿ ‘ಕೆಆರ್‌ಇಸಿ ಕಾಲದಲ್ಲಿ ನಮ್ಮವರೇ ಇದ್ದರು, ಎನ್‌ಐಟಿ ಆದ ಮೇಲೆ ಹೊರಗಿನವರು ತುಂಬಿಕೊಂಡರು’ ಎನ್ನುವ ಮಾತು ಪೂರ್ತಿ ಸರಿಯಲ್ಲ. ಹೊರಗಿನವರು ಮೊದಲ ದಿನದಿಂದಲೂ ಇದ್ದರು. ಯೋಜನೆ ಇದ್ದಿದ್ದೇ ಹಾಗೆ. ಉತ್ತರದ ಹುಡುಗರು ರೈಲು ಹಿಡಿದು, ಬಸ್ಸು ಬದಲಿಸಿ, ಜೂನ್ ಮಳೆಯಲ್ಲಿ ಟ್ರಂಕು ಹೊತ್ತು ಇಲ್ಲಿ ಇಳಿಯುತ್ತಿದ್ದರು. ತುಳು, ಕನ್ನಡ, ಕೊಂಕಣಿ, ಬ್ಯಾರಿ ಮಾತಾಡುವ ಪೇಟೆಯಲ್ಲಿ ಅಂಗಡಿಯವರಿಗೆ ಹಿಂದಿಯೂ ಬೇಕಾಯಿತು. ಬಾಡಿಗೆ ಕೋಣೆ, ಜೆರಾಕ್ಸ್ ಅಂಗಡಿ, ಹೋಟೆಲು ಅಂತ ಸುರತ್ಕಲ್‌ನಲ್ಲಿ ಒಂದು ಸಣ್ಣ ಆರ್ಥಿಕತೆಯೇ ಈ ಹುಡುಗರ ಮೇಲೆ ನಿಂತಿತು.

ಕಡಲ ಪಕ್ಕದ ಲ್ಯಾಬು

ಶುರುವಿನಲ್ಲಿ ಮೂರೇ ವಿಭಾಗ: ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್. 1965ರಲ್ಲಿ ಕೆಮಿಕಲ್, ಮೆಟಲರ್ಜಿ ಸೇರಿದವು. ಮುಂದೆ ಎಲೆಕ್ಟ್ರಾನಿಕ್ಸ್, 1980ರ ದಶಕದಲ್ಲಿ ಕಂಪ್ಯೂಟರ್. ಪದವಿ ಕೊಡುತ್ತಿದ್ದುದು ಮೈಸೂರು ವಿಶ್ವವಿದ್ಯಾಲಯ. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದ ಮೇಲೆ ಅದು. ಇಂಥ ಪಟ್ಟಿಯನ್ನು ಯಾವ ಹಳೇ ಕಾಲೇಜಿನ ಬಗ್ಗೆಯೂ ಬರೆಯಬಹುದು. ಅದರಿಂದ ಈ ಕಾಲೇಜಿನ ಗುಣ ತಿಳಿಯುವುದಿಲ್ಲ.

ಗುಣ ತಿಳಿಯಬೇಕಾದರೆ ಇಲ್ಲಿನ ಒಂದು ವಿಭಾಗ ನೋಡಬೇಕು. ಬಹಳ ಕಾಲ ಅದರ ಹೆಸರು ಅಪ್ಲೈಡ್ ಮೆಕ್ಯಾನಿಕ್ಸ್ ಮತ್ತು ಹೈಡ್ರಾಲಿಕ್ಸ್. ಈಗ ಜಲಸಂಪನ್ಮೂಲ ಮತ್ತು ಸಾಗರ ಎಂಜಿನಿಯರಿಂಗ್. ಸಮುದ್ರದೊಳಗಿನ ಕಟ್ಟೋಣಗಳ ಬಗ್ಗೆಯೇ ಇಲ್ಲಿ ಸ್ನಾತಕೋತ್ತರ ಪಾಠ ನಡೆಯಿತು. ಒಳಗೊಂದು ಅಲೆ ತೊಟ್ಟಿ ಇದೆ. ಉದ್ದ 50 ಮೀಟರ್, ಅಗಲ 0.71 ಮೀಟರ್, ಆಳ 1.1 ಮೀಟರ್. ಒಂದು ತುದಿಯಲ್ಲಿ ಬುಡಕ್ಕೆ ತಿರುಗಣೆ ಹಾಕಿದ ಹಲಗೆ. ಮೋಟಾರು ಅದನ್ನು ಹಿಂದೆ ಮುಂದೆ ತೂಗಿದರೆ ಅಲೆ ಏಳುತ್ತದೆ. ಇನ್ನೊಂದು ತುದಿಯಲ್ಲಿ ಕಲ್ಲು ಪೇರಿಸಿದ ಪುಟ್ಟ ಅಲೆತಡೆ. ಅಲೆ ಬಡಿಯುತ್ತಾ ಹೋದಂತೆ ಯಾವ ತೂಕದ ಕಲ್ಲು ಜಾರುತ್ತದೆ, ಅಡ್ಡಗೋಡೆಯ ಇಳಿಜಾರು ಎಷ್ಟಿದ್ದರೆ ನಿಲ್ಲುತ್ತದೆ, ನೀರು ಎಷ್ಟು ಮೇಲೆ ಏರುತ್ತದೆ ಎಂದು ಅಳೆಯುತ್ತಾರೆ. ಚಿಕ್ಕ ಅಳತೆಯಲ್ಲಿ ಸಿಕ್ಕ ಲೆಕ್ಕವನ್ನು ನಿಜವಾದ ಕಡಲಿಗೆ ಹಿಗ್ಗಿಸುತ್ತಾರೆ.

ಇದು ಸುಮ್ನೆ ಪುಸ್ತಕದ ಕೆಲಸ ಅಲ್ಲ. ಕಾಲೇಜಿನ ತೆಂಕಣಕ್ಕೆ ಕೆಲವೇ ಕಿಲೋಮೀಟರ್ ದೂರದ ಪಣಂಬೂರು ಬಂದರು ಎರಡು ಅಲೆತಡೆಗಳ ನಡುವೆ ಕೊರೆದು ಮಾಡಿದ್ದು. ಉಳ್ಳಾಲ, ಮುಕ್ಕ, ಸುರತ್ಕಲ್‌ನ ಮನೆಗಳ ಹಿತ್ತಲನ್ನು ಮಳೆಗಾಲದಲ್ಲಿ ಕಡಲು ತಿನ್ನುತ್ತದೆ. ಪ್ರತಿ ವರ್ಷ ಲಾರಿಗಟ್ಟಲೆ ಕಲ್ಲು ಸುರಿಯುತ್ತಾರೆ, ಮರುವರ್ಷ ಅದೇ ಕಲ್ಲು ಹೊಯ್ಗೆಯಲ್ಲಿ ಹೂತುಹೋಗುತ್ತದೆ. ಕಲ್ಲು ಯಾಕೆ ಜಾರುತ್ತದೆ ಎನ್ನುವ ಪ್ರಶ್ನೆಯನ್ನೇ ಆ ತೊಟ್ಟಿಯಲ್ಲಿ ಕೇಳುತ್ತಾರೆ. ನನ್ನ ಮಟ್ಟಿಗೆ ಇದು ಕೆಆರ್‌ಇಸಿಯ ಅತಿ ‘ಪ್ರಾದೇಶಿಕ’ ಕೆಲಸ. ಅದನ್ನು ಮಾಡಿದ ಹುಡುಗರು ಯಾವ ರಾಜ್ಯದವರು ಅನ್ನುವುದು ಇಲ್ಲಿ ಮುಖ್ಯವಲ್ಲ.

ಕಾಲೇಜಿನ ಸುತ್ತಮುತ್ತ ಮಾತ್ರ ವೇಗವಾಗಿ ಬದಲಾಯಿತು. 1974ರಲ್ಲಿ ಪಣಂಬೂರು ದೊಡ್ಡ ಬಂದರುಗಳ ಸಾಲಿಗೆ ಸೇರಿತು, 1975ರಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ರಸಗೊಬ್ಬರ ಕಾರ್ಖಾನೆ ಬಂತು. ಕುದುರೆಮುಖದ ಅದಿರಿಗೆ ಪಣಂಬೂರಿನಲ್ಲಿ ಘಟಕ ಆಯಿತು. ಬೈಕಂಪಾಡಿಯಲ್ಲಿ ಕೈಗಾರಿಕಾ ಪ್ರದೇಶ, 1990ರ ದಶಕದಲ್ಲಿ ಎಂಆರ್‌ಪಿಎಲ್ ತೈಲ ಸಂಸ್ಕರಣಾ ಘಟಕ, ಕೊಂಕಣ ರೈಲು. ಮಲ್ಯರ ಲೆಕ್ಕ ಇದೇ ಇದ್ದಿರಬೇಕು: ಬಂದರು, ರಸ್ತೆ, ಕಾಲೇಜು ಒಂದನ್ನೊಂದು ಎಳೆದು ಮೇಲೆ ತರಲಿ. ಅರ್ಧ ಹಾಗೇ ಆಯಿತು. ಉಳಿದರ್ಧ ಮುಂಬೈಗೆ, ಬೆಂಗಳೂರಿಗೆ, ವಿದೇಶಕ್ಕೆ ಹೋಯಿತು. 1960ರ ದಶಕದಲ್ಲಿ ಇಲ್ಲಿ ಮೆಕ್ಯಾನಿಕಲ್ ಓದಿದ ಕೆ.ವಿ. ಕಾಮತ್ ಮುಂದೆ ಐಸಿಐಸಿಐ ಬ್ಯಾಂಕ್ ಕಟ್ಟಿದರು, ಬ್ರಿಕ್ಸ್ ದೇಶಗಳ ಬ್ಯಾಂಕಿನ ಮೊದಲ ಅಧ್ಯಕ್ಷರಾದರು. ಕರಾವಳಿಯವರು ಬ್ಯಾಂಕು ಕಟ್ಟುವುದರಲ್ಲಿ ಮೊದಲೇ ಪಳಗಿದವರು ಬಿಡಿ, ಅದಕ್ಕೆ ಎಂಜಿನಿಯರಿಂಗ್ ಬೇಕೇ ಎಂದು ಯಾರಾದರೂ ಕೇಳಬಹುದು.

ಇಬ್ಬರು ಯಜಮಾನರು

ಅರ್ಧ ಅರ್ಧ ಪಾಲು ಕೇಳುವುದಕ್ಕೆ ಚೆನ್ನ. ನಡೆಸುವವರಿಗೆ ಕಷ್ಟ. ಹೊಸ ಹುದ್ದೆ ಬೇಕು ಅಂದರೆ ಬೆಂಗಳೂರಿಗೂ ಬರೆಯಬೇಕು, ದೆಹಲಿಗೂ ಬರೆಯಬೇಕು. ಒಬ್ಬರು ಒಪ್ಪಿದರೆ ಸಾಲದು. ಅದರ ಮೇಲೆ ಪಠ್ಯ ಮೂರನೆಯವರ ಕೈಯಲ್ಲಿ. ಒಂದು ಹೊಸ ವಿಷಯ ಕಲಿಸಬೇಕಾದರೂ ವಿಶ್ವವಿದ್ಯಾಲಯದ ಮಂಡಳಿ ಒಪ್ಪಬೇಕು. ಅಲ್ಲಿ ಉಳಿದ ಕಾಲೇಜುಗಳ ವೇಗಕ್ಕೆ ತಕ್ಕಂತೆ ನಡೆಯಬೇಕು. ಐಐಟಿಗಳು ತಮ್ಮ ಪಠ್ಯ ತಾವೇ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ, ಅವುಗಳ ನಂತರದ ಸಾಲಿನಲ್ಲಿ ನಿಲ್ಲಬೇಕಾದ ಈ ಕಾಲೇಜುಗಳ ಕಾಲಿಗೆ ಹಗ್ಗ ಇತ್ತು.

1990ರ ದಶಕದಲ್ಲಿ ಕೇಂದ್ರ ಸರ್ಕಾರ ವಿಜ್ಞಾನಿ ರಘುನಾಥ ಮಾಶೇಲ್ಕರ್ ಅವರ ನೇತೃತ್ವದಲ್ಲಿ ಒಂದು ಪರಿಶೀಲನಾ ಸಮಿತಿ ಮಾಡಿತು. ಈ ಕಾಲೇಜುಗಳಿಗೆ ಸ್ವಾಯತ್ತತೆ ಕೊಡಿ, ತಾವೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯ ಮಾಡಿ ಎಂದು ಸಮಿತಿ 1998ರಲ್ಲಿ ಹೇಳಿತು. ಮುರಳಿ ಮನೋಹರ ಜೋಶಿ ಮಾನವ ಸಂಪನ್ಮೂಲ ಮಂತ್ರಿಯಾಗಿದ್ದಾಗ ಅದು ಜಾರಿಗೆ ಬಂತು. 2002ರ ಜೂನ್ 26ಕ್ಕೆ ಕೆಆರ್‌ಇಸಿ ಎನ್‌ಐಟಿಕೆ ಆಯಿತು.

ಹೆಸರಿನ ಬಗ್ಗೆ ಇನ್ನೊಂದು ಮಾತು. ವಾರಂಗಲ್, ಕ್ಯಾಲಿಕಟ್, ತಿರುಚಿರಾಪಳ್ಳಿಯ ಎನ್‌ಐಟಿಗಳಿಗೆ ಊರಿನ ಹೆಸರು. ಇಲ್ಲಿ ಮಾತ್ರ ಊರಿಗಿಂತ ಮುಂಚೆ ರಾಜ್ಯದ ಹೆಸರು ಉಳಿಯಿತು. ಹಾಗಾಗಿ ‘ಆರ್’ ಹೋದರೂ ‘ಕೆ’ ಹೋಗಲಿಲ್ಲ. ಆ ಕೆ ಇವತ್ತು ಎಷ್ಟು ನಿಜ ಅನ್ನುವುದೇ ಪ್ರಶ್ನೆ.

ಎರಡು ಕುರ್ಚಿ

ಕಾಗದದ ಮೇಲೆ ನೋಡೋಣ. 2007ರ ಎನ್‌ಐಟಿ ಕಾಯ್ದೆ ಈ ಸಂಸ್ಥೆಗಳನ್ನು ರಾಷ್ಟ್ರೀಯ ಮಹತ್ವದವು ಎಂದಿತು. ಖರ್ಚು ಕೇಂದ್ರದ್ದು. ರಾಷ್ಟ್ರಪತಿಗಳು ಸಂದರ್ಶಕರು (ವಿಸಿಟರ್), ಅಂದರೆ ಎಲ್ಲರಿಗಿಂತ ಮೇಲಿನವರು. ಆಡಳಿತ ಮಂಡಳಿಯ ಅಧ್ಯಕ್ಷರನ್ನು ನೇಮಿಸುವುದು ಅವರೇ. ರಾಜ್ಯ ಸರ್ಕಾರಕ್ಕೆ ಮಂಡಳಿಯಲ್ಲಿ ಇಬ್ಬರನ್ನು ಹೆಸರಿಸುವ ಹಕ್ಕಿದೆ, ಅವರೂ ತಂತ್ರಜ್ಞರೋ ಉದ್ಯಮಿಗಳೋ ಆಗಿರಬೇಕು. ಒಂದು ಕಾಲಕ್ಕೆ ಅರ್ಧ ಖರ್ಚು ಕೊಟ್ಟು ಅರ್ಧ ಯಜಮಾನಿಕೆ ಮಾಡಿದ ರಾಜ್ಯಕ್ಕೆ ಈಗ ಉಳಿದಿರುವುದು ಎರಡು ಕುರ್ಚಿ.

ಇದು ಅನ್ಯಾಯ ಅಂತ ನಾನು ಹೇಳುತ್ತಿಲ್ಲ. ದುಡ್ಡು ಕೊಡದವರು ಕುರ್ಚಿ ಕೇಳುವುದು ಹೇಗೆ, ಅಲ್ವಾ? ಲಾಭವೂ ಕಣ್ಣಿಗೆ ಕಾಣುತ್ತದೆ. ಪಠ್ಯ ತಾವೇ ಬರೆದರು, ಪದವಿ ತಾವೇ ಕೊಟ್ಟರು. ಪಿಎಚ್‌ಡಿ ಕೆಲಸ ಜಾಸ್ತಿಯಾಯಿತು. 2008ರ ನಂತರ ಹಿಂದುಳಿದ ವರ್ಗದ ಮೀಸಲಾತಿ, 2019ರಿಂದ ಆರ್ಥಿಕವಾಗಿ ಹಿಂದುಳಿದವರ ಮೀಸಲಾತಿ ಬಂದಾಗ ಸೀಟು ಹೆಚ್ಚಿಸಿದರು. ಹೊಸ ಹಾಸ್ಟೆಲು ಬೇಕಾದವು, ಕಟ್ಟಿದರು. 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟು ಬಂತು. ಅವರ ಪಾಲು ಮೊದಲ ವರ್ಷ ಶೇ 14 ಇರಬೇಕು, ಮುಂದೆ ಶೇ 17, ಆಮೇಲೆ ಶೇ 20 ಎಂಬುದು ಗುರಿ. ಇಡೀ ತರಗತಿಯಲ್ಲಿ ಬೆರಳೆಣಿಕೆಯ ಹುಡುಗಿಯರಿದ್ದ ಮೆಕ್ಯಾನಿಕಲ್ ಬ್ಯಾಚುಗಳ ಕಾಲ ನೆನಪಿರುವವರಿಗೆ ಇದು ಸಣ್ಣದಲ್ಲ. ದೇಶದ ರ‍್ಯಾಂಕಿಂಗ್ ಪಟ್ಟಿಯ ಎಂಜಿನಿಯರಿಂಗ್ ವಿಭಾಗದಲ್ಲಿ 2021, 2022ರಲ್ಲಿ ಸಂಸ್ಥೆ 10ನೇ ಸ್ಥಾನದಲ್ಲಿತ್ತು, 2024ರಲ್ಲಿ 17ಕ್ಕೆ ಇಳಿಯಿತು. ಆ ಇಳಿತಕ್ಕೆ ಗಾಬರಿಯಾಗಬೇಕಿಲ್ಲ. ಆ ಪಟ್ಟಿ ಕಾಲೇಜಿನ ಕಥೆಯ ಒಂದು ಮೂಲೆಯನ್ನು ಮಾತ್ರ ಹೇಳುತ್ತದೆ.

ಶುಲ್ಕ ಏರಿತು. 2016ರಲ್ಲಿ ಎನ್‌ಐಟಿಗಳ ಬೋಧನಾ ಶುಲ್ಕ ವರ್ಷಕ್ಕೆ 70,000 ರೂಪಾಯಿಯಿಂದ 1.25 ಲಕ್ಷಕ್ಕೆ ಹೋಯಿತು. ಪರಿಶಿಷ್ಟರಿಗೆ ಪೂರ್ತಿ ಮಾಫಿ. ಮನೆಯ ಆದಾಯ 1 ಲಕ್ಷದೊಳಗಿದ್ದರೂ ಪೂರ್ತಿ ಮಾಫಿ, 5 ಲಕ್ಷದೊಳಗಿದ್ದರೆ ಮೂರನೇ ಎರಡು ಭಾಗ ಮಾಫಿ. ಅಂದರೆ ಪೆಟ್ಟು ಬಿದ್ದಿದ್ದು 5 ಲಕ್ಷದ ಗೆರೆಯನ್ನು ಸ್ವಲ್ಪವೇ ದಾಟಿದ ಮೇಷ್ಟ್ರು, ಗುಮಾಸ್ತರ ಮನೆಗಳಿಗೆ.

ಬಾಗಿಲು ಯಾವ ಕಡೆಗೆ

ನಿಜವಾದ ಬದಲಾವಣೆ ಆಗಿದ್ದು ಪ್ರವೇಶದಲ್ಲಿ. ಕೆಆರ್‌ಇಸಿಯ ಕೊನೆಯ ವರ್ಷಗಳಲ್ಲಿ ರಾಜ್ಯದ ಪಾಲಿನ ಸೀಟು ಸಿಗುತ್ತಿದ್ದುದು ರಾಜ್ಯದ್ದೇ ಪ್ರವೇಶ ಪರೀಕ್ಷೆಯಾದ ಸಿಇಟಿಯಿಂದ. ಪಿಯುಸಿಯಲ್ಲಿ ಓದಿದ್ದನ್ನೇ ಸಿಇಟಿ ಕೇಳುತ್ತಿತ್ತು. ಊರಿನ ಪಿಯು ಕಾಲೇಜಿನಲ್ಲಿ ಒಳ್ಳೆಯ ಲೆಕ್ಕದ ಮೇಷ್ಟ್ರಿದ್ದು, ಹುಡುಗ ಪುಸ್ತಕ ಅರೆದು ಕುಡಿದಿದ್ದರೆ ಒಂದು ಕೈ ನೋಡಬಹುದಿತ್ತು. ಎನ್‌ಐಟಿ ಆದ ಮೇಲೆ ಇಡೀ ದೇಶಕ್ಕೆ ಒಂದೇ ಪ್ರವೇಶ ಪರೀಕ್ಷೆ ಎಐಇಇಇ ಬಂತು, 2013ರಿಂದ ಜೆಇಇ ಮೇನ್. ಅದು ಬೇರೆಯದೇ ಆಟ. ರಾಜ್ಯದ ಪಿಯು ವಿಜ್ಞಾನಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯ ಬಂದಿದ್ದು 2012ರ ಹೊತ್ತಿಗೆ. ಅಲ್ಲಿಯವರೆಗಿನ ಕೆಲವು ವರ್ಷ ನಮ್ಮ ಹುಡುಗರು ಒಂದು ಪಠ್ಯ ಓದಿ ಇನ್ನೊಂದರ ಪರೀಕ್ಷೆ ಬರೆದರು. 2021ರಲ್ಲಿ ಜೆಇಇ ಮೇನ್ ಕನ್ನಡದಲ್ಲೂ ಬಂತು. ಒಳ್ಳೆಯದೇ. ಆದರೆ ಕಷ್ಟ ಇರುವುದು ಭಾಷೆಯಲ್ಲಿ ಮಾತ್ರ ಅಲ್ಲ, ಎರಡು ವರ್ಷದ ತಯಾರಿಯಲ್ಲಿ. ಆ ತಯಾರಿಗೆ ಕೋಚಿಂಗ್ ಬೇಕು, ಕೋಚಿಂಗಿಗೆ ದುಡ್ಡು ಬೇಕು.

ಅರ್ಧ ಸೀಟು ರಾಜ್ಯಕ್ಕೆ ಎನ್ನುವ ಹಳೇ ನಿಯಮ ಎನ್‌ಐಟಿಯಲ್ಲೂ ಉಳಿದಿದೆ. ಹಾಗಾಗಿ ‘ರೀಜನಲ್’ನ ಒಂದು ತುಂಡು ಇನ್ನೂ ಇದೆ ಎನ್ನಬಹುದು. ಆದರೆ ಆ ರಾಜ್ಯ ಯಾವುದು ಎಂದು ತೀರ್ಮಾನಿಸುವುದು ಮನೆಮಾತಲ್ಲ, ಹುಟ್ಟಿದ ಊರಲ್ಲ, ಅಪ್ಪನ ರೇಷನ್ ಕಾರ್ಡೂ ಅಲ್ಲ. 12ನೇ ತರಗತಿ ಎಲ್ಲಿ ಪಾಸಾದಿರಿ ಅನ್ನುವುದು ಮಾತ್ರ.

ಊರಿನವರಿಗೆ ಈ ನಿಯಮಗಳಿಗಿಂತ ಜಾಸ್ತಿ ಪರಿಚಯವಾಗಿದ್ದು ಬೇರೊಂದು. ಕೆಲವು ವರ್ಷ ಎನ್‌ಐಟಿಕೆ ಎಂದರೆ ಟೋಲ್ ಗೇಟು ಎಂದೇ ಅರ್ಥವಾಗಿತ್ತು. ಕಾಲೇಜಿನ ಪಕ್ಕದಲ್ಲೇ ಹೆದ್ದಾರಿಗೆ ಗೇಟು ಹಾಕಿದ್ದರು. ಸ್ವಲ್ಪ ಮುಂದೆ ಹೆಜಮಾಡಿಯಲ್ಲಿ ಇನ್ನೊಂದು ಗೇಟು. ಇಷ್ಟು ಹತ್ತಿರ ಎರಡು ಗೇಟು ಯಾಕೆ ಎಂದು ಜನ ವರ್ಷಗಟ್ಟಲೆ ಧರಣಿ ಕೂತರು. 2022ರ ಡಿಸೆಂಬರ್ 1ರಿಂದ ವಸೂಲಿ ನಿಂತಿತು. ಸಂಸ್ಥೆಗೂ ಗೇಟಿಗೂ ಸಂಬಂಧವೇ ಇರಲಿಲ್ಲ, ಪಾಪ. ಹೆಸರು ಮಾತ್ರ ದಿನಾ ಪೇಪರಿನಲ್ಲಿ ಬಂತು.

ಈಗ ಮೂವರು ಹುಡುಗರನ್ನು ಊಹಿಸಿಕೊಳ್ಳಿ. ಮೊದಲನೆಯವನ ಅಪ್ಪ ಮುಂಬೈಯಲ್ಲಿ ಹೋಟೆಲು ಇಟ್ಟವರು, ಮನೆ ಮುಕ್ಕದಲ್ಲಿ, ಮನೆಮಾತು ತುಳು. ಹುಡುಗ ಮುಂಬೈಯಲ್ಲೇ 12 ಮುಗಿಸಿದ. ಮುಕ್ಕದ ಅಜ್ಜಿಮನೆಯಿಂದ ಕಾಲೇಜಿಗೆ ನಡೆದೇ ಹೋಗಬಹುದು, ಆದರೆ ಅವನು ಹೊರರಾಜ್ಯದ ಸೀಟಿಗೆ ಪೈಪೋಟಿ ಮಾಡಬೇಕು. ಎರಡನೆಯವನ ಅಪ್ಪ ದುಬೈಯಲ್ಲಿ. ಅವನಿಗೆ ಗಲ್ಫ್‌ನಲ್ಲಿ ದುಡಿಯುವವರ ಮಕ್ಕಳಿಗೆಂದೇ ಬೇರೆ ಬಾಗಿಲಿದೆ. ಬೋಧನಾ ಶುಲ್ಕ ಇಲ್ಲಿನವರಷ್ಟೇ. ಮೂರನೆಯವನು ಲಖನೌದವನು. ಕೋಚಿಂಗ್ ಚೆನ್ನಾಗಿದೆ ಎಂದು ಮನೆಯವರು ಮೂಡಬಿದಿರೆಯ ಪಿಯು ಕಾಲೇಜಿಗೆ ಹಾಕಿದರು. ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಅವನು ಕಲಿತ ತುಳು ‘ಬಲೆ’ (ಬನ್ನಿ), ‘ದಾನೆ’ (ಏನು) ಅಷ್ಟೇ. ಕರ್ನಾಟಕದ ಸೀಟು ಅವನದು.